ಬಾಡಿಗೆ ಮನೆಯ ಬೆಂಗಳೂರು: ಕಾಲು ಶತಮಾನದ ಲೆಕ್ಕ

ಹೊಸ ಶತಮಾನದ ಮೊದಲ ಇಪ್ಪತ್ತೈದು ವರ್ಷ ಕಳೆದುಹೋಗಿವೆ. ಈ ಅವಧಿಯಲ್ಲಿ ಬೆಂಗಳೂರಿನ ಮೇಲ್ಸೇತುವೆ, ಮೆಟ್ರೊ, ಕೆರೆ, ಕಸ, ಟ್ರಾಫಿಕ್ಕಿನ ಬಗ್ಗೆ ಬರೆದದ್ದಕ್ಕೆ ಲೆಕ್ಕವಿಲ್ಲ. ಈ ಊರಿನ ಜನ ರಾತ್ರಿ ಮಲಗುವುದು ಯಾರ ಸೂರಿನಡಿ ಎಂದು ಕೇಳಿದವರು ಮಾತ್ರ ಕಡಿಮೆ. 2011ರ ಜನಗಣತಿ ಅದಕ್ಕೊಂದು ಉತ್ತರ ಕೊಟ್ಟಿತ್ತು. ದೇಶದ ನಗರಗಳಲ್ಲಿ ಒಟ್ಟಾರೆ ನೂರಕ್ಕೆ ಸುಮಾರು 27 ಕುಟುಂಬಗಳು ಬಾಡಿಗೆಗಿದ್ದರೆ, ಬೆಂಗಳೂರಿನಲ್ಲಿ ಆ ಪಾಲು ಹತ್ತಿರಹತ್ತಿರ ಅರ್ಧ. ಅದಾದ ಮೇಲೆ ಹತ್ತು ವರ್ಷಕ್ಕೊಮ್ಮೆ ನಡೆಯಬೇಕಾದ ಗಣತಿ 2021ರಲ್ಲಿ ನಡೆಯಲೇ ಇಲ್ಲ. ಕಾಲು ಶತಮಾನದ ಅರ್ಧಕ್ಕಿಂತ ಹೆಚ್ಚು ಕಾಲವನ್ನು ನಾವು ಹಳೆಯ ಅಂಕಿಗಳನ್ನೇ ಇಟ್ಟುಕೊಂಡು ದೂಡಿದ್ದೇವೆ.

ಅಂಕಿ ಹಳೆಯದಾದರೂ ಅದು ತೋರಿಸಿದ ಸತ್ಯ ಹಳೆಯದಾಗಿಲ್ಲ. ಊರಿನ ಅರ್ಧ ಜನರನ್ನು ನಮ್ಮ ಕಾನೂನು, ನಕ್ಷೆ, ಬಜೆಟ್ಟುಗಳು ಇಂದು ಬಂದು ನಾಳೆ ಹೋಗುವವರೆಂದೇ ನೋಡುತ್ತ ಬಂದಿವೆ. ಬೆಂಗಳೂರು ಕೆಲಸಗಳನ್ನು ಸೃಷ್ಟಿಸಿತು, ಕೆಲಸಕ್ಕೆ ಬಂದವರಿಗೆ ಮನೆ ಒದಗಿಸುವ ಹೊಣೆಯನ್ನು ಮಾತ್ರ ಯಾರೂ ಹೊರಲಿಲ್ಲ. ಸರ್ಕಾರವೂ ಇಲ್ಲ, ಕಂಪನಿಗಳೂ ಇಲ್ಲ. ಆ ಭಾರ ಹೊತ್ತದ್ದು ಮೂವತ್ತು ನಲವತ್ತರ ಸೈಟಿನ ಮೇಲೆ ನಾಲ್ಕಂತಸ್ತು ಎಬ್ಬಿಸಿದ ಸಣ್ಣ ಮನೆಮಾಲೀಕ. ಅದರ ಬೆಲೆ ತೆತ್ತವರು ಸಂಬಳ ಕಡಿಮೆಯಿದ್ದ ಬಾಡಿಗೆದಾರರು.

ಮೊದಲಿನಿಂದಲೂ ಹೀಗಿತ್ತೇ? ಬಾಡಿಗೆ ಮನೆ ಬೆಂಗಳೂರಿಗೆ ಹೊಸದೇನಲ್ಲ. 1898ರ ಪ್ಲೇಗಿನ ನಂತರ ಪೇಟೆಯ ಇಕ್ಕಟ್ಟಿನಿಂದ ಹೊರಬಂದ ಅನುಕೂಲಸ್ಥರು ಬಸವನಗುಡಿ, ಮಲ್ಲೇಶ್ವರಗಳಲ್ಲಿ ಮನೆ ಕಟ್ಟಿಕೊಂಡರು. ಕ್ರಮೇಣ ಅವರ ಹಿತ್ತಲಿನಲ್ಲಿ, ಪಕ್ಕದ ಖಾಲಿ ಜಾಗದಲ್ಲಿ ವಠಾರಗಳೆದ್ದವು. ಒಂದು ನಲ್ಲಿ, ಒಂದೆರಡು ಕಕ್ಕಸು, ಏಳೆಂಟು ಸಂಸಾರ. ಗುಮಾಸ್ತರು, ಮೇಷ್ಟ್ರುಗಳು, ಹೋಟೆಲಿನಲ್ಲಿ ದುಡಿಯುವವರು, ಓದಲು ಬಂದ ಹುಡುಗರು ಅಲ್ಲಿದ್ದರು. ವಠಾರದ ಓನರಿಗೂ ಬಾಡಿಗೆದಾರನಿಗೂ ನಡೆಯುವ ಕಿತ್ತಾಟವನ್ನೇ ಹಿಡಿದು 1990ರಲ್ಲಿ ಬಂದ ‘ಗಣೇಶನ ಮದುವೆ’ ಸಿನಿಮಾ ಈಗಲೂ ಟೀವಿಯಲ್ಲಿ ಬಂದರೆ ಜನ ಕೂತು ನೋಡುತ್ತಾರೆ. ಆ ಜಗಳ ಯಾರದೋ ಕಟ್ಟುಕಥೆಯಾಗಿರಲಿಲ್ಲ, ನೋಡಿದ ಮನೆಮನೆಯದೂ ಆಗಿತ್ತು.

ವಠಾರದ ಆಚೆ ಇನ್ನೊಂದು ಬೆಂಗಳೂರು ಬೆಳೆಯಿತು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್, 1964ರಲ್ಲಿ ಬಿಇಎಂಎಲ್ ಬಂದವು. ಈ ಕಾರ್ಖಾನೆಗಳು ಕೆಲಸದ ಜತೆಗೆ ಕ್ವಾರ್ಟರ್ಸ್ ಕೊಟ್ಟವು, ಶಾಲೆ ನಡೆಸಿದವು, ಶಿಫ್ಟಿಗೆ ಬಸ್ಸು ಬಿಟ್ಟವು. ಎಲ್ಲರಿಗೂ ಕ್ವಾರ್ಟರ್ಸ್ ಸಿಗಲಿಲ್ಲ ನಿಜ. ಸಿಗದವರು ಮತ್ತಿಕೆರೆಯಲ್ಲೋ ಯಶವಂತಪುರದಲ್ಲೋ ಬಾಡಿಗೆಗಿದ್ದು, ನೌಕರರ ಗೃಹನಿರ್ಮಾಣ ಸಹಕಾರ ಸಂಘಕ್ಕೆ ಕಂತು ಕಟ್ಟಿ, ಸೈಟಿಗಾಗಿ ಕಾದರು. ವಿದ್ಯಾರಣ್ಯಪುರದ ಬಿಇಎಲ್ ಲೇಔಟ್, ರಾಜರಾಜೇಶ್ವರಿ ನಗರದ ಬಿಇಎಂಎಲ್ ಲೇಔಟ್ ಹುಟ್ಟಿದ್ದು ಹೀಗೆ. 1945ರಲ್ಲಿ ಶುರುವಾದ ಸಿಐಟಿಬಿ, 1976ರಲ್ಲಿ ಅದರ ಜಾಗಕ್ಕೆ ಬಂದ ಬಿಡಿಎ ಕೂಡ ಸೈಟು ಹಂಚುತ್ತಿದ್ದವು. ಆ ತಲೆಮಾರಿನ ಸಂಘಟಿತ ಕಾರ್ಮಿಕನಿಗೆ ಬಾಡಿಗೆ ಮನೆ ಎಂದರೆ ಕೆಲಸಕ್ಕೆ ಸೇರಿದ ದಿನಕ್ಕೂ ಸೈಟು ಸಿಕ್ಕ ದಿನಕ್ಕೂ ನಡುವಿನ ಹತ್ತು ಹದಿನೈದು ವರ್ಷ. ಆಮೇಲೆ ‘ಮನೆ ಕಟ್ಟಿ ನೋಡು’ ಎಂಬ ಗಾದೆಯ ಸರದಿ.

ಆ ಏಣಿ ಮುರಿದದ್ದು 1990ರ ದಶಕದಲ್ಲಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಬೆಂಗಳೂರಿಗೆ ಬಂದಿತ್ತು. ಎಲೆಕ್ಟ್ರಾನಿಕ್ ಸಿಟಿ ತುಂಬಿತು, ವೈಟ್‌ಫೀಲ್ಡಿನಲ್ಲಿ ಐಟಿಪಿಎಲ್ ಎದ್ದಿತು, ಆಮೇಲೆ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗಿನ ಸುಮಾರು 17 ಕಿ.ಮೀ. ಹೊರವರ್ತುಲ ರಸ್ತೆಯ ಇಕ್ಕೆಲಗಳಲ್ಲೂ ಗಾಜಿನ ಕಟ್ಟಡಗಳು ಬಂದವು. ಹೊಸ ಕಂಪನಿಗಳು ಸಂಬಳ ಚೆನ್ನಾಗಿಯೇ ಕೊಟ್ಟವು, ಕ್ಯಾಬೂ ಕೊಟ್ಟವು, ಮನೆ ಕೊಡಲಿಲ್ಲ. ಸಂಬಳದ ಚೀಟಿಯಲ್ಲಿ ಮನೆ ಬಾಡಿಗೆ ಭತ್ಯೆ ಎಂಬ ಒಂದು ಸಾಲಿತ್ತು, ಅಷ್ಟೇ. ಆ ಭತ್ಯೆಯ ತೆರಿಗೆ ವಿನಾಯಿತಿಯಲ್ಲೂ ದಶಕಗಳ ಕಾಲ ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈಗೆ ಮೂಲ ವೇತನದ ಶೇ 50ರ ಮಿತಿ ಇದ್ದರೆ ಬೆಂಗಳೂರಿಗೆ ಶೇ 40. 2001ರಿಂದ 2011ರ ನಡುವೆ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 65 ಲಕ್ಷದಿಂದ 96 ಲಕ್ಷಕ್ಕೆ ಏರಿತು. ಹತ್ತು ವರ್ಷದಲ್ಲಿ ಶೇ 47ರಷ್ಟು ಏರಿಕೆ. ಹೆಚ್ಚಿದ ಆ ಮೂವತ್ತು ಲಕ್ಷ ಜನರಿಗೆ ಬಿಡಿಎ ಸೈಟು ಎಲ್ಲಿಂದ ತರಬೇಕು? ತರಲಿಲ್ಲ.

ಇಲ್ಲಿಂದ ಮುಂದಿನದು ಸಣ್ಣ ಮನೆಮಾಲೀಕರ ಕಥೆ. ಬೆಂಗಳೂರಿನ ಬಾಡಿಗೆ ಮನೆಗಳ ಒಡೆಯರೆಂದರೆ ದೊಡ್ಡ ಕುಳಗಳು ಎಂಬ ಕಲ್ಪನೆ ಹಲವರಲ್ಲಿದೆ. ಹೆಚ್ಚಿನ ಬಡಾವಣೆಗಳಲ್ಲಿ ಹಾಗಿಲ್ಲ. ಕಾರ್ಖಾನೆಯಿಂದ ವಿಆರ್‌ಎಸ್ ತಗೊಂಡು ಬಂದ ಹಣದಲ್ಲಿ ಮೇಲೆರಡು ಮನೆ ಎಬ್ಬಿಸಿದ ಕಾರ್ಮಿಕ, ಗಂಡ ತೀರಿಕೊಂಡ ಮೇಲೆ ಕೆಳಗಿನ ಪೋರ್ಷನ್ ಬಾಡಿಗೆಯಲ್ಲೇ ಮನೆ ನಡೆಸುತ್ತಿರುವ ಹೆಂಗಸು, ರಸ್ತೆಗೂ ಬಡಾವಣೆಗೂ ಹೊಲ ಹೋಗಿ ಗ್ರಾಮಠಾಣಾದಲ್ಲಿ ಉಳಿದ ಅರ್ಧ ಗುಂಟೆಯಲ್ಲಿ ಸಾಲು ರೂಮು ಕಟ್ಟಿದ ರೈತ. ಪಿಂಚಣಿ ಇಲ್ಲದವರಿಗೆ ಬಾಡಿಗೆಯೇ ಪಿಂಚಣಿ. 2007ರಲ್ಲಿ 110 ಹಳ್ಳಿಗಳು ಪಾಲಿಕೆಗೆ ಸೇರಿದಾಗ ಬೆಳ್ಳಂದೂರು, ವರ್ತೂರಿನಂಥ ಊರುಗಳಲ್ಲಿ ರಾಗಿ ಬೆಳೆಯುತ್ತಿದ್ದ ಕುಟುಂಬಗಳು ಒಂದೇ ತಲೆಮಾರಿನಲ್ಲಿ ಬಾಡಿಗೆ ವಸೂಲಿ ಮಾಡುವ ಕುಟುಂಬಗಳಾದವು. ಸಾಲ ಮಾಡಿ ಕಟ್ಟಿದ ಅವರ ಆತಂಕವೂ ಸಣ್ಣದಲ್ಲ. ಮನೆ ಖಾಲಿ ಮಾಡಿಸಲು ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಅಲೆಯಬೇಕಲ್ಲ ಎಂಬ ಭಯ ಪ್ರತಿಯೊಬ್ಬ ಓನರಿಗೂ ಇದೆ, ಅದಕ್ಕೆ ಕಾರಣವೂ ಇದೆ. ಆ ಭಯದಿಂದಲೇ ಬೀಗ ಹಾಕಿಟ್ಟ ಮನೆಗಳು ಎಲ್ಲ ಊರಲ್ಲೂ ಇವೆ. 2011ರಲ್ಲಿ ದೇಶದ ನಗರಗಳಲ್ಲಿ ಖಾಲಿ ಬಿದ್ದಿದ್ದ ಮನೆಗಳು 1.1 ಕೋಟಿ.

ಇನ್ನು ಬಾಡಿಗೆಗೆ ಇರುವವರು ಯಾರು? ಪತ್ರಿಕೆಗಳ ಆಸ್ತಿ ಪುರವಣಿ ಓದಿದರೆ ಐಟಿ ಉದ್ಯೋಗಿ ಬಿಟ್ಟು ಬೇರೆಯವರೇ ಇಲ್ಲ ಅನ್ನಿಸುತ್ತದೆ. ಮಾರುಕಟ್ಟೆಯ ದರ ನಿರ್ಧರಿಸುವುದರಲ್ಲಿ ಅವರ ಪಾಲು ದೊಡ್ಡದು, ನಿಜ. ಸಂಖ್ಯೆಯಲ್ಲಿ ಅವರಷ್ಟೇ ಮುಖ್ಯರಾದವರು ಬೇರೆ ಇದ್ದಾರೆ, ಅವರ ಬಾಗಿಲಿಗೆ ಪುರವಣಿಗಳು ಹೋಗುವುದಿಲ್ಲ.

ಪೀಣ್ಯದಿಂದ ಒಳಗೆ ಲಗ್ಗೆರೆ, ಹೆಗ್ಗನಹಳ್ಳಿ, ಸುಂಕದಕಟ್ಟೆಯ ಕಡೆ ಹೋಗಿ ನೋಡಬೇಕು. ಹೊಸೂರು ರಸ್ತೆಯಲ್ಲಾದರೆ ಗಾರ್ವೆಬಾವಿಪಾಳ್ಯ, ಬೊಮ್ಮನಹಳ್ಳಿ. ಒಂದು ಕಬ್ಬಿಣದ ಗೇಟು, ಒಳಗೆ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕಾದ ಓಣಿ, ಎರಡೂ ಬದಿ ಹತ್ತಡಿ ಹತ್ತಡಿಯ ರೂಮುಗಳು. ಬಾಗಿಲ ಮೇಲೆ ಬಣ್ಣದಲ್ಲಿ ಬರೆದ ನಂಬರು. ಒಳಗೆ ಅಡುಗೆ ಕಟ್ಟೆ, ಅದರ ಪಕ್ಕದಲ್ಲೇ ಸ್ನಾನಕ್ಕೆ ಮೋಟುಗೋಡೆ, ಮೇಲೆ ಸಿಮೆಂಟ್ ಶೀಟು. ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಓಣಿಯುದ್ದಕ್ಕೂ ಪ್ಲಾಸ್ಟಿಕ್ ಬಿಂದಿಗೆಗಳ ಸಾಲು. ಆ ಸಾಲಿನಲ್ಲಿ ಹಿಂದೆ ಬಿದ್ದವಳಿಗೆ ಗಾರ್ಮೆಂಟ್ಸಿನ ಗೇಟು ಮುಚ್ಚುವ ಮೊದಲು ಹಾಜರಿ ಹಾಕುವುದು ಕಷ್ಟ. ತುಮಕೂರು, ಮಂಡ್ಯ, ಹಾಸನ, ಚಿತ್ರದುರ್ಗದ ಹಳ್ಳಿಗಳಿಂದ ಬಂದ ಹೆಂಗಸರು ಇಲ್ಲಿದ್ದಾರೆ, ಈಚೆಗೆ ಒಡಿಶಾ, ಜಾರ್ಖಂಡಿನ ಹುಡುಗಿಯರೂ ಇದ್ದಾರೆ. ಸಂಬಳ ಹನ್ನೆರಡು ಹದಿಮೂರು ಸಾವಿರದ ಆಸುಪಾಸು, ರೂಮಿಗೆ ಐದಾರು ಸಾವಿರ. ಅಡ್ವಾನ್ಸ್ ಐವತ್ತು ಸಾವಿರ ಎಂದರೆ ನಾಲ್ಕು ತಿಂಗಳ ಪೂರ್ತಿ ಸಂಬಳ. ಅದನ್ನು ಹೊಂದಿಸುವುದು ಸ್ವಸಹಾಯ ಸಂಘದ ಸಾಲದಿಂದ, ಇಲ್ಲವೇ ಮೀಟರ್ ಬಡ್ಡಿಯಿಂದ.

2016ರ ಏಪ್ರಿಲ್‌ನಲ್ಲಿ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಯಾವ ನಾಯಕರ ಕರೆಯೂ ಇಲ್ಲದೆ ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಇಳಿದದ್ದು ಹಲವರಿಗೆ ನೆನಪಿರಬಹುದು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ಆಗುವತನಕ ತೆಗೆಯುವಂತಿಲ್ಲ ಎಂದು ಕೇಂದ್ರ ನಿಯಮ ಮಾಡಿತ್ತು. ಪ್ರತಿಭಟನೆಯ ನಂತರ ಅದನ್ನು ಹಿಂದಕ್ಕೆ ಪಡೆಯಿತು. ಅಂದು ಅದನ್ನು ಬರಿಯ ಪಿಎಫ್ ಗಲಾಟೆ ಎಂದು ಬರೆದದ್ದೇ ಹೆಚ್ಚು. ಕೆಲಸ ಬಿಟ್ಟಾಗ ಕೈಗೆ ಬರುವ ಆ ಹಣ ಮಗಳ ಮದುವೆಗೂ ಆಗಬೇಕು, ಆಸ್ಪತ್ರೆಗೂ ಆಗಬೇಕು, ಹೊಸ ಮನೆಯ ಅಡ್ವಾನ್ಸಿಗೂ ಆಗಬೇಕು. ನಗರದಲ್ಲಿ ನೆಲೆ ನಿಲ್ಲಲು ಅವರಿಗಿದ್ದ ಒಂದೇ ಗಂಟು ಅದು.

ಇವರಿಗಿಂತಲೂ ಕೆಳಗಿನ ಮೆಟ್ಟಿಲಲ್ಲಿರುವವರು ಶೆಡ್ಡಿನವರು. ಯಾದಗಿರಿ, ಕಲಬುರಗಿ, ರಾಯಚೂರಿನಿಂದ ಕಟ್ಟಡ ಕೆಲಸಕ್ಕೆ ಬಂದವರು, ಬಂಗಾಳ, ಅಸ್ಸಾಮಿನಿಂದ ಬಂದು ಅಪಾರ್ಟ್‌ಮೆಂಟುಗಳ ಕಸ ಎತ್ತುವವರು. ಅವರೂ ಬಾಡಿಗೆದಾರರೇ. ಖಾಲಿ ಜಾಗದ ಮಾಲೀಕರಿಗೆ ತಿಂಗಳಿಗಿಷ್ಟು ಎಂದು ಕೊಟ್ಟು, ನೀಲಿ ಟಾರ್ಪಾಲು, ತಗಡು ಹೊದಿಸಿಕೊಂಡು ಇರುತ್ತಾರೆ. 2020ರ ಜನವರಿಯಲ್ಲಿ ಬೆಳ್ಳಂದೂರಿನ ಹತ್ತಿರ ಕರಿಯಮ್ಮನ ಅಗ್ರಹಾರದಲ್ಲಿ ಅಂಥ ಶೆಡ್ಡುಗಳನ್ನು ಬಾಂಗ್ಲಾದೇಶಿಗಳದೆಂದು ಕೆಡವಿದರು. ಬೀದಿಗೆ ಬಿದ್ದವರಲ್ಲಿ ನಮ್ಮ ಉತ್ತರ ಕರ್ನಾಟಕದವರೇ ಇದ್ದರು. ವಿಷಯ ಹೈಕೋರ್ಟಿಗೆ ಹೋಗಿ, ಸರ್ಕಾರ ಉತ್ತರ ಕೊಡಬೇಕಾಯಿತು. ಬಾಡಿಗೆಗೆ ಚೀಟಿಯಿಲ್ಲ, ಕರಾರಿಲ್ಲ ಎಂದಮೇಲೆ ತಾವು ಅಲ್ಲಿ ವಾಸವಿದ್ದೆವೆಂದು ತೋರಿಸುವುದಕ್ಕೂ ಅವರ ಬಳಿ ಏನೂ ಇರಲಿಲ್ಲ.

ಪಿಜಿಗಳ ಬೆಳವಣಿಗೆ ಈ ಕಾಲು ಶತಮಾನದ ಇನ್ನೊಂದು ದೊಡ್ಡ ಬದಲಾವಣೆ. ಹಿಂದೆ ಜಾತಿವಾರು ಹಾಸ್ಟೆಲುಗಳು, ಲಾಡ್ಜಿನ ತಿಂಗಳ ರೂಮುಗಳು ಮಾಡುತ್ತಿದ್ದ ಕೆಲಸವನ್ನು ಈಗ ಬಿಟಿಎಂ ಲೇಔಟ್, ಮಾರತ್ತಹಳ್ಳಿ, ಕೋರಮಂಗಲದ ಪಿಜಿಗಳು ಮಾಡುತ್ತಿವೆ. ಕೋರ್ಸು ಮಾಡಲು ಬಂದವರು, ಮೊದಲ ಕೆಲಸದವರು, ನರ್ಸುಗಳು, ಬ್ಯಾಂಕ್ ಪರೀಕ್ಷೆಗೆ ಓದುವವರು. ಹತ್ತು ತಿಂಗಳ ಅಡ್ವಾನ್ಸ್ ಬೇಡ, ಗ್ಯಾಸ್ ಕನೆಕ್ಷನ್ ಬೇಡ, ಒಂದು ಸೂಟ್‌ಕೇಸು ಸಾಕು. ಈ ಬೇಡಿಕೆಯನ್ನು ಹುಟ್ಟಿಸಿದ್ದು ಅಡ್ವಾನ್ಸಿನ ಭಾರವೇ ಎಂದರೆ ತಪ್ಪಿಲ್ಲ. 2024ರಲ್ಲಿ ಕೋರಮಂಗಲದ ಪಿಜಿಯೊಂದರಲ್ಲಿ ಯುವತಿಯ ಕೊಲೆಯಾದ ಮೇಲೆ ಪಾಲಿಕೆ ಎಚ್ಚೆತ್ತು, ಸಿಸಿಟಿವಿ ಇರಬೇಕು, ಒಬ್ಬರಿಗೆ ಕನಿಷ್ಠ 70 ಚದರಡಿ ಜಾಗ ಇರಬೇಕು ಎಂಬ ನಿಯಮ ತಂದಿತು. ಒಂದು ಜೀವ ಹೋದ ಮೇಲೆ ಬಂದ ನಿಯಮ ಅದು. ಅದರ ಪಾಲನೆಯನ್ನು ಮನೆ ಬಾಗಿಲಿಗೆ ಹೋಗಿ ನೋಡುವ ಕೆಲಸ ನಿಲ್ಲಬಾರದು.

ಸ್ವಂತ ಮನೆಯಿದ್ದೂ ಬಾಡಿಗೆಗಿರುವ ಸಂಸಾರಗಳೂ ಹೆಚ್ಚುತ್ತಿವೆ. ಮನೆ ರಾಜಾಜಿನಗರದಲ್ಲಿ, ಗಂಡನ ಕೆಲಸ ವೈಟ್‌ಫೀಲ್ಡಿನಲ್ಲಿ, ಹೆಂಡತಿಯದು ಹೊರವರ್ತುಲ ರಸ್ತೆಯಲ್ಲಿ, ಮಗುವಿಗೆ ಸೀಟು ಸಿಕ್ಕಿದ್ದು ವರ್ತೂರಿನ ಶಾಲೆಯಲ್ಲಿ. ತಂದೆ ತಾಯಿಯನ್ನು ಹಳೆಯ ಮನೆಯಲ್ಲಿ ಬಿಟ್ಟು, ಅಥವಾ ಅದನ್ನು ಬಾಡಿಗೆಗೆ ಕೊಟ್ಟು, ಇವರು ಇಪ್ಪತ್ತು ಕಿ.ಮೀ. ಆಚೆ ಬಾಡಿಗೆಗೆ ಇರುತ್ತಾರೆ. ಬೇಡಿಕೆಗೆ ಮೂಲ ಕಾರಣ ಕೇಳಿದರೆ ನಾವು ಮೊದಲು ಹೇಳುವುದು ಇದನ್ನೇ: ಬೆಂಗಳೂರಿನಲ್ಲಿ ಜನ ಮನೆಗೆ ಕೊಡುವ ಬಾಡಿಗೆಯಲ್ಲಿ ಅರ್ಧ ಪಾಲು ರಸ್ತೆಯಲ್ಲಿ ಕಳೆಯಬೇಕಾದ ಹೊತ್ತನ್ನು ಉಳಿಸಿಕೊಳ್ಳುವುದಕ್ಕೆ. 2023ರ ಅಕ್ಟೋಬರಿನಲ್ಲಿ ನೇರಳೆ ಮಾರ್ಗ ವೈಟ್‌ಫೀಲ್ಡಿನವರೆಗೆ ಪೂರ್ತಿಯಾದಾಗ, 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಓಡತೊಡಗಿದಾಗ, ನಿಲ್ದಾಣದ ಹತ್ತಿರದ ಓನರುಗಳು ಟು-ಲೆಟ್ ಬೋರ್ಡಿನಲ್ಲಿ ‘ಮೆಟ್ರೊ ಹತ್ತಿರ’ ಎಂದು ಬರೆಸಿ ದರ ಏರಿಸಿದರು. ಸಾರ್ವಜನಿಕರ ದುಡ್ಡಿನಲ್ಲಿ ಹಾಕಿದ ಹಳಿಯ ಲಾಭ ಬಾಡಿಗೆಯಾಗಿ ಖಾಸಗಿ ಕೈಗೆ ಹೋಗುತ್ತದೆ, ಹಳಿಯ ಪಕ್ಕದಲ್ಲಿ ಕಡಿಮೆ ಬಾಡಿಗೆಯ ಮನೆ ಕಟ್ಟುವ ಯೋಚನೆ ಯಾರಿಗೂ ಬಂದಿಲ್ಲ.

ಎರಡನೆಯ ಕಾರಣ ಸರಳ ಗಣಿತ. ಒಂದು ಕೋಟಿ ರೂಪಾಯಿಯ ಫ್ಲ್ಯಾಟಿಗೆ 80 ಲಕ್ಷ ಸಾಲ ಮಾಡಿದರೆ, ಶೇ 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ತಿಂಗಳ ಕಂತು 69 ಸಾವಿರ ದಾಟುತ್ತದೆ. ಅದೇ ಫ್ಲ್ಯಾಟು ಬಾಡಿಗೆಗೆ ಮೂವತ್ತು ಮೂವತ್ತೈದು ಸಾವಿರಕ್ಕೆ ಸಿಗುತ್ತದೆ. ಬೇರೆ ಕಂಪನಿಗೆ ಹೋಗುವ, ಬೇರೆ ಊರಿಗೆ ಹೋಗುವ, ಕೆಲಸವೇ ಹೋಗಬಹುದಾದ ಈ ಕಾಲದಲ್ಲಿ ಮೂವತ್ತರ ಪ್ರಾಯದವರು ಬಾಡಿಗೆಯನ್ನು ಆರಿಸಿಕೊಂಡರೆ ಅದು ದಡ್ಡತನವಲ್ಲ. ‘ಬಾಡಿಗೆ ಕೊಟ್ಟು ಯಾಕೆ ದುಡ್ಡು ಹಾಳು ಮಾಡ್ತೀಯ’ ಎಂದು ಊರಲ್ಲಿರುವ ಅಪ್ಪ ಅಮ್ಮ ಕೇಳುವುದು ತಮ್ಮ ಕಾಲದ ಸೈಟಿನ ಲೆಕ್ಕದಲ್ಲಿ. ಆ ಲೆಕ್ಕ ಈಗ ಕೂಡುವುದಿಲ್ಲ.

ಹಿಂದಿನ ಐದಾರು ವರ್ಷಗಳಲ್ಲಿ ಬಾಡಿಗೆ ಮಾರುಕಟ್ಟೆ ಕಂಡ ಏರಿಳಿತವನ್ನು ಈ ಊರು ಹಿಂದೆ ಕಂಡಿರಲಿಲ್ಲ. 2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾಯಿತು. ವಲಸೆ ಕಾರ್ಮಿಕರಿಂದ ಒಂದು ತಿಂಗಳು ಬಾಡಿಗೆ ಕೇಳಬಾರದೆಂದು ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ ಆದೇಶ ಹೊರಡಿಸಿತು. ಆದೇಶ ಕಾಗದದಲ್ಲಿ ಉಳಿದಲ್ಲಿ ಜನ ಊರ ಕಡೆ ನಡೆದರು. ಮೇ ಮೊದಲ ವಾರದಲ್ಲಿ ಬಿಲ್ಡರುಗಳ ಜತೆ ಸಭೆ ನಡೆದ ಬೆನ್ನಿಗೆ ರಾಜ್ಯ ಸರ್ಕಾರ ಕಾರ್ಮಿಕರ ವಿಶೇಷ ರೈಲುಗಳನ್ನು ಬೇಡವೆಂದಿತು; ಎಲ್ಲೆಡೆಯಿಂದ ಖಂಡನೆ ಬಂದ ಮೇಲೆ ಮತ್ತೆ ಬಿಟ್ಟಿತು. ಕೆಲಸಕ್ಕೆ ಅವರ ಕೈ ಬೇಕಿತ್ತು, ಅವರಿರಲು ಮನೆ ಬೇಕೆಂಬ ಯೋಚನೆ ಇರಲಿಲ್ಲ. ಆ ದಿನಗಳ ಅತ್ಯಂತ ನೋವಿನ ಪಾಠ ಅದು. ಪಿಜಿಗಳಿಗೆ ಬೀಗ ಬಿತ್ತು. ಬೀದಿಬೀದಿಯಲ್ಲೂ ಟು-ಲೆಟ್ ಬೋರ್ಡು ನೇತಾಡಿತು. ಬಾಡಿಗೆಯನ್ನೇ ನಂಬಿದ್ದ ವಯಸ್ಸಾದ ಓನರುಗಳು ಔಷಧಿಗೆ ಪರದಾಡಿದ್ದೂ ನಿಜ.

2022ರಲ್ಲಿ ಕಚೇರಿಗಳು ತೆರೆದವು. ಎರಡು ವರ್ಷ ಹೊಸ ಮನೆ ಕಟ್ಟುವ ಕೆಲಸ ನಿಧಾನವಾಗಿತ್ತು, ಊರಿಗೆ ಹೋಗಿದ್ದವರೆಲ್ಲ ಒಟ್ಟಿಗೆ ಬಂದರು. 2023ರ ಹೊತ್ತಿಗೆ ಮನೆ ನೋಡಲು ಹೋದವರ ಸರದಿ ಮೆಟ್ಟಿಲ ತನಕ. ಓನರುಗಳು ಲಿಂಕ್ಡ್‌ಇನ್ ಪ್ರೊಫೈಲ್ ಕೇಳಿದರು, ಹನ್ನೆರಡನೆಯ ತರಗತಿಯ ಅಂಕ ಕೇಳಿದ ಸುದ್ದಿ ದೇಶವೆಲ್ಲ ಓದಿತು. ಕರಾರು ನವೀಕರಣಕ್ಕೆ ಶೇ 5 ಏರಿಸುವ ರೂಢಿ ಗಾಳಿಗೆ ಹೋಯಿತು. ಆಮೇಲೆ 2024ರ ಬೇಸಿಗೆ. ಬೋರ್‌ವೆಲ್ಲುಗಳು ಬತ್ತಿ, ಟ್ಯಾಂಕರ್ ದರ ಏರಿ, ಬಾಡಿಗೆದಾರರು ಮನೆ ನೋಡುವಾಗ ಮೊದಲು ‘ಕಾವೇರಿ ಇದೆಯಾ, ಬೋರಾ?’ ಎಂದು ಕೇಳುವಂತಾಯಿತು. ಆ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಶುರುವಾಗಿ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್ ನೀರು ಒದಗಿಸುವ ವ್ಯವಸ್ಥೆ ಬಂತು. ಕನೆಕ್ಷನ್ ತೆಗೆದುಕೊಳ್ಳಬೇಕಾದವರು ಓನರು, ನೀರಿಲ್ಲದೆ ಒದ್ದಾಡುವವರು ಬಾಡಿಗೆದಾರರು. ಈ ಅಂತರ ಎಷ್ಟೋ ಓಣಿಗಳಲ್ಲಿ ಇನ್ನೂ ಮುಚ್ಚಿಲ್ಲ.

ಒಂದು ಒಳ್ಳೆಯ ಕೆಲಸವನ್ನು ಇಲ್ಲಿ ಹೇಳಲೇಬೇಕು. 2023ರ ಆಗಸ್ಟಿನಿಂದ ಜಾರಿಯಾದ ಉಚಿತ ವಿದ್ಯುತ್ತಿನ ಗೃಹಜ್ಯೋತಿಯಲ್ಲಿ ಬಾಡಿಗೆದಾರರನ್ನೂ ಸೇರಿಸಿದ್ದು ಸರಿಯಾದ ನಿರ್ಧಾರ. ಒಂದು ಸರ್ಕಾರಿ ಯೋಜನೆ ಬಾಡಿಗೆ ಮನೆಯನ್ನೂ ಮನೆ ಎಂದು ಒಪ್ಪಿತು. ಒಂದೇ ಮೀಟರಿನಿಂದ ಹತ್ತು ರೂಮಿಗೆ ಕರೆಂಟು ಕೊಟ್ಟು ಯೂನಿಟ್ ಲೆಕ್ಕದಲ್ಲಿ ವಸೂಲಿ ಮಾಡುವ ಕಡೆ ಮಾತ್ರ ಅದರ ಬೆಳಕು ತಲುಪಲಿಲ್ಲ.

ಇನ್ನು ಕಾನೂನು. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಜಾಗಕ್ಕೆ ಬಂದ ಕರ್ನಾಟಕ ಬಾಡಿಗೆ ಕಾಯ್ದೆ, 1999 ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು. ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಮನೆಗೆ ಅದು ಅನ್ವಯಿಸುವುದಿಲ್ಲ. ಇವತ್ತು ಹೆಗ್ಗನಹಳ್ಳಿಯ ಶೀಟಿನ ರೂಮಿಗೂ ಅದಕ್ಕಿಂತ ಹೆಚ್ಚು ಬಾಡಿಗೆ. ಹಾಗಾಗಿ ಊರಿನ ಹೆಚ್ಚೂಕಮ್ಮಿ ಎಲ್ಲ ಬಾಡಿಗೆ ಮನೆಗಳೂ 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಕೈಗೆ ಬಿದ್ದಿವೆ. ಕರಾರು ಬೇರೆ ಹೇಳದಿದ್ದರೆ ತಿಂಗಳ ಬಾಡಿಗೆದಾರನಿಗೆ 15 ದಿನದ ನೋಟಿಸು ಸಾಕು. ಒಂದು ವರ್ಷ ಮೀರಿದರೆ ನೋಂದಣಿ ಮಾಡಿಸಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುವುದರಿಂದ ಎಲ್ಲರೂ 11 ತಿಂಗಳಿಗೇ ಕರಾರು ಬರೆಸುತ್ತಾರೆ. ಬಿಡುವಾಗ ಒಂದು ತಿಂಗಳ ಬಾಡಿಗೆ ಪೇಂಟಿಂಗಿಗೆ ಕಡಿತ. ಗೋಡೆಗೆ ಬಣ್ಣ ಹೊಡೆಸಿದರೋ ಇಲ್ಲವೋ ಕೇಳುವವರಿಲ್ಲ.

ಅಡ್ವಾನ್ಸಿನ ವಿಷಯದಲ್ಲಿ ಬೆಂಗಳೂರಿನಷ್ಟು ಕಠಿಣವಾದ ದೊಡ್ಡ ನಗರ ಇನ್ನೊಂದಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ದೆಹಲಿಯಲ್ಲಿ ಒಂದೆರಡು ತಿಂಗಳ ಬಾಡಿಗೆ ಕೊಟ್ಟರೆ ಸಾಕಾಗುವ ಕಡೆ ಇಲ್ಲಿ ಹತ್ತು ತಿಂಗಳದ್ದು ರೂಢಿಯಾಯಿತು. ಈಚೆಗೆ ಐದಾರು ತಿಂಗಳಿಗೆ ಇಳಿದ ಕಡೆಯೂ ಇದೆ, ಇಳಿದದ್ದು ಹೆಚ್ಚಾಗಿ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ. ಇದರ ಇನ್ನೊಂದು ರೂಪ ಭೋಗ್ಯ. ಎಂಟು ಹತ್ತು ಲಕ್ಷ ಒಟ್ಟಿಗೆ ಕೊಟ್ಟು ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇರುವುದು. ಸಣ್ಣ ವ್ಯಾಪಾರಿಗಳು, ಆಟೊ ಚಾಲಕರು ಊರಿನ ಜಮೀನು ಮಾರಿ, ಒಡವೆ ಅಡವಿಟ್ಟು ಭೋಗ್ಯಕ್ಕೆ ಬರುತ್ತಾರೆ. ಓನರಿಗೆ ಬಾಡಿಗೆ ಕೊಡುವುದಾಗಿ ಮನೆ ಪಡೆದು, ಬೇರೆಯವರಿಗೆ ಭೋಗ್ಯಕ್ಕೆ ಕೊಟ್ಟು, ಹಣ ಬಾಚಿಕೊಂಡು ನಾಪತ್ತೆಯಾಗುವ ಮಧ್ಯವರ್ತಿಗಳ ವಂಚನೆಗೆ ಸಿಕ್ಕವರು ಇವರೇ. ನೋಂದಣಿ ಇಲ್ಲದ ಕಾಗದ ಹಿಡಿದು ಪೊಲೀಸ್ ಠಾಣೆಗೆ ಹೋದರೆ ‘ಇದು ಸಿವಿಲ್ ಮ್ಯಾಟರ್’ ಎಂಬ ಉತ್ತರ ಕೇಳಿದವರು ಎಷ್ಟೋ.

ದುಡ್ಡಿದ್ದೂ ಮನೆ ಸಿಗದವರಿದ್ದಾರೆ. ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬೋರ್ಡು ಎಲ್ಲರಿಗೂ ಕಾಣುತ್ತದೆ. ‘ನಿಮ್ಮದು ಯಾವ ಪೈಕಿ?’ ಎಂಬ ಪ್ರಶ್ನೆ ಕೇಳಿಸಿಕೊಂಡವರಿಗಷ್ಟೇ ಗೊತ್ತು. ಹೆಸರು ಕೇಳಿದ ಕೂಡಲೇ ‘ಮನೆ ಆಗಲೇ ಹೋಯ್ತಲ್ಲ’ ಎನ್ನಿಸಿಕೊಂಡ ಮುಸ್ಲಿಂ ಕುಟುಂಬಗಳು, ಅಡ್ವಾನ್ಸ್ ಕೊಟ್ಟ ಮೇಲೆ ಜಾತಿ ತಿಳಿದು ವಾಪಸು ಪಡೆಯಬೇಕಾದ ದಲಿತ ನೌಕರರು, ಒಬ್ಬಳೇ ಇರುತ್ತೇನೆಂದಾಗ ಅನುಮಾನದ ನೋಟಕ್ಕೆ ಗುರಿಯಾದ ಹೆಣ್ಣುಮಕ್ಕಳು ಈ ಊರಿನಲ್ಲೇ ಇದ್ದಾರೆ. 2012ರ ಆಗಸ್ಟಿನಲ್ಲಿ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಯುವಕ ಯುವತಿಯರು ಗುವಾಹಟಿಯ ರೈಲು ಹತ್ತಿದರು. ಆಗ ಕೆಲವು ಓನರುಗಳು ‘ಹೋಗಬೇಡಿ, ನಾವಿದ್ದೇವೆ’ ಎಂದು ತಡೆದದ್ದನ್ನೂ ಈ ಊರು ಕಂಡಿದೆ. ಅಂಥ ದೊಡ್ಡ ಮನಸ್ಸು ಮನೆ ಕೊಡುವ ಹೊತ್ತಿಗೂ ಇರಬೇಕಲ್ಲವೇ?

ಕೇಂದ್ರ ಸಚಿವ ಸಂಪುಟ 2021ರ ಜೂನ್ 2ರಂದು ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಕೇಳುವಂತಿಲ್ಲ, ಕರಾರು ಬಾಡಿಗೆ ಪ್ರಾಧಿಕಾರಕ್ಕೆ ತಿಳಿಸಬೇಕು, ವ್ಯಾಜ್ಯಕ್ಕೆ ಪ್ರತ್ಯೇಕ ನ್ಯಾಯಾಲಯ ಇರಬೇಕು ಎಂಬುದು ಅದರ ತಿರುಳು. ಮನೆ ವಾಪಸು ಸಿಗದೆಂಬ ಓನರಿನ ಭಯಕ್ಕೂ ಅದರಲ್ಲಿ ಪರಿಹಾರವಿದೆ. ಇದು ರಾಜ್ಯಪಟ್ಟಿಯ ವಿಷಯ, ಕಾಯ್ದೆ ಮಾಡಬೇಕಾದದ್ದು ರಾಜ್ಯ. ಕರ್ನಾಟಕದಲ್ಲಿ ಅದು ಕಾಯ್ದೆಯಾಗಿ ಬಂದಿಲ್ಲ. ಜಾತಿ, ಧರ್ಮದ ತಾರತಮ್ಯದ ಬಗ್ಗೆ ಆ ಮಾದರಿ ಕಾಯ್ದೆಯೂ ಮೌನವಾಗಿದೆ, ಆ ಕೊರತೆಯನ್ನು ತುಂಬುವ ಅವಕಾಶ ನಮ್ಮ ಶಾಸಕಾಂಗಕ್ಕಿದೆ.

ಇಷ್ಟೂ ಕಾಲ ಇದು ಯಾಕೆ ಆಗಲಿಲ್ಲ ಎಂದರೆ, ಬಾಡಿಗೆದಾರರಿಗೆ ವಾರ್ಡಿನಲ್ಲಿ ದನಿಯಿಲ್ಲ. ಎರಡು ವರ್ಷಕ್ಕೊಮ್ಮೆ ಮನೆ ಬದಲಾಗುತ್ತದೆ, ಮತದಾರರ ಪಟ್ಟಿಯಲ್ಲಿ ಹೆಸರು ಹಳೆಯ ವಿಳಾಸದಲ್ಲೋ ಊರಿನಲ್ಲೋ ಉಳಿಯುತ್ತದೆ. ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಐದು ವರ್ಷ ಚುನಾವಣೆಯೇ ನಡೆಯಲಿಲ್ಲ. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಐದು ಪಾಲಿಕೆಗಳಾದವು. ಊರಿನ ಮಹಾಯೋಜನೆ ಮಾತ್ರ 2007ರಲ್ಲಿ ಒಪ್ಪಿದ, 2015ಕ್ಕೆ ಮುಗಿಯಬೇಕಿದ್ದ ಹಳೆಯದೇ ನಡೆಯುತ್ತಿದೆ. ಹೊಸ ಯೋಜನೆ ಬರೆಯುವವರು ಮೆಟ್ರೊ ನಿಲ್ದಾಣಗಳ ಸುತ್ತ, ಪೀಣ್ಯ, ಬೊಮ್ಮಸಂದ್ರದಂಥ ಕೈಗಾರಿಕಾ ಪ್ರದೇಶಗಳ ಪಕ್ಕ ಸರ್ಕಾರವೇ ಕಟ್ಟಿ ಬಾಡಿಗೆಗೆ ಕೊಡುವ ಮನೆಗಳಿಗೆ, ದುಡಿಯುವ ಹೆಂಗಸರ ಹಾಸ್ಟೆಲುಗಳಿಗೆ ಜಾಗ ಗುರುತಿಸಬೇಕು. ಅದಿಲ್ಲದೆ ಆ ಯೋಜನೆಯನ್ನು ಒಪ್ಪಬಾರದು.

ಬಾಡಿಗೆಗಿರುವ ಓದುಗರಲ್ಲಿ ನಮ್ಮ ವಿನಂತಿ: ಈಗಿರುವ ವಿಳಾಸಕ್ಕೆ ಮತದಾರರ ಪಟ್ಟಿಯಲ್ಲಿ ಹೆಸರು ಬದಲಾಯಿಸಿಕೊಳ್ಳಿ, ಕೊಟ್ಟ ಅಡ್ವಾನ್ಸಿಗೆ ಬ್ಯಾಂಕಿನ ಮೂಲಕವೇ ದಾಖಲೆ ಇಟ್ಟುಕೊಳ್ಳಿ. ಮನೆ ಕೊಡುವ ಓದುಗರಲ್ಲಿ: ಜಾತಿ, ಧರ್ಮ ಕೇಳಬೇಡಿ. ರಾಜ್ಯ ಸರ್ಕಾರ ಎರಡು ತಿಂಗಳ ಅಡ್ವಾನ್ಸಿನ ಮಿತಿಯನ್ನೂ ತಾರತಮ್ಯಕ್ಕೆ ಶಿಕ್ಷೆಯನ್ನೂ ಒಳಗೊಂಡ ಹೊಸ ಬಾಡಿಗೆ ಮಸೂದೆಯನ್ನು ವಿಧಾನಮಂಡಲದ ಮುಂದಿನ ಅಧಿವೇಶನದಲ್ಲೇ ಮಂಡಿಸಬೇಕು.